ತುಕಡಿ ಇಟ್ಟಂಗಿ ಮ್ಯಾಲ ಟೆನ್ನಿಸ್

ನಮ್ಮ ಬಸವಕಲ್ಯಾಣದಾಗ ಯಾರರೆ ಸಲಿಕಿ ಹಿಡದು ನೆಲಾ ಕೆದರಿದ್ರ ಸಾಕು, ಸಂಜಿಯೊಳಗ ಕೊಪ್ಪರಿಗಿ ಬಂಗಾರ ಸಿಕ್ತಂತ ಸುದ್ದಿ ಹುಟ್ಟತದ. ರಾಜರು ಆಳಿದ ಊರು ನೋಡ್ರಿ. ಸಣ್ಣಾಕಿದ್ದಾಗಿಂದ ಇದನ್ನೇ ಕೇಳ್ಕೋತ ಬೆಳದಾಕಿ ನಾ, ಹುಮನಾಬಾದಿಗೆ ಲಗ್ನಾಗಿ ಬಂದ್ರೂ ಆ ಚಟ ಹೋಗಿಲ್ಲ. ಹಿಂಗಾಗಿ, ತವರೂರಿನ ಕೈಬಳಿ ಮಾರೋ ಹೆಂಗಸು ಮಾಣಿಕನಗರದಾಗ ಸಿಕ್ಕು, "ನಿಮ್ಮ ಅಣ್ಣನ ಭಟ್ಟಿ ಜಾಗಾಕ್ಕ ಲಾರಿ ಬರಾಕತ್ತಾವ್ರಿ ಅಕ್ಕಾ, ತಾಡಪತ್ರಿ ಹೊಚ್ಚಿ ಏನೋ ಒಯ್ಯಾಕತ್ತಾರ," ಅಂದಾಗ ನನ್ನ ಎದಿ ಧಸಕ್ ಅಂತು.

ಆ ಜಾಗಾ ನಮ್ಮ ಅಪ್ಪನ ಇಟ್ಟಂಗಿ ಭಟ್ಟಿ. ಅಪ್ಪ ಹಚ್ಚಿದ ಕಡೀ ಭಟ್ಟಿ ಅಕಾಲ ಮಳಿಗೆ ಸಿಕ್ಕು, ಇಟ್ಟಂಗಿ ಎಲ್ಲಾ ಸೀಳಿಬಿಟ್ವು. ಮಾರಾಕ ಹೋದ ಲಾರಿ ಹೋದಂಗೇ ವಾಪಸ್ ಬಂದ್ವು. ತುಕಡಿ ಇಟ್ಟಂಗಿದು ಮನಿಯಷ್ಟು ಎತ್ತರ ಗುಡ್ಡಿ ಆತು, ತಗ್ಗು ತುಂಬಾಕ ಪುಕಟ ಒಯ್ರಿ ಅಂದ್ರೂ ಯಾರೂ ಒಯ್ಯಲಿಲ್ಲ. ಅಪ್ಪ ಆ ಗುಡ್ಡಿಗೆ ಬೆನ್ನ ಹಚ್ಚಿ ಸುಮ್ಮ ಕೂಡ್ತಿದ್ದ. ಮತ್ತ ಭಟ್ಟಿ ಹಚ್ಚಲೇ ಇಲ್ಲ.

ಅಪ್ಪ ಹೋದ ಮ್ಯಾಲ ಅಣ್ಣ ಬಂದು, "ತಂಗಿ, ಅಲ್ಲಿ ತುಕಡಿ ಇಟ್ಟಂಗಿ ಬಿಟ್ರ ಏನದ? ಒಂದು ಸಹಿ ಹಾಕಿಬಿಡು," ಅಂದ. ನಮ್ಮ ಕಡಿ ಹೆಣ್ಣಮಕ್ಕಳು ಹಂಗೇ ಹಕ್ಕು ಬಿಡ್ತೀವಿ. ಬದಲಿಗೆ ನಾಗರ ಪಂಚಮಿಗೆ ತವರಿಗೆ ಕರಿಯಾಕ ಬರೋ ಅಣ್ಣ ಒಬ್ಬ ಉಳೀತಾನ. ನಾ ಸಹಿ ಹಾಕಿದ್ದೆ.

ಈಗ ಲಾರಿ! ಅಣ್ಣನ ಹೆಂಡ್ತಿ, ನಮ್ಮ ವೈನಿಗೆ ಫೋನ್ ಮಾಡ್ದೆ. "ಏನಿಲ್ರೀ, ತುಕಡಿ ಇಟ್ಟಂಗಿ ಮಾರೀವಿ," ಅಂದ್ಲು. ಯಾರು ತಗೊಂಡಾರ ಅಂತ ಕೇಳಿದ್ರ, "ಪುಣೆಯವ್ರು. ಅದನ್ನ ಪುಡಿ ಮಾಡಿ ಹಾಸಿ, ಅದರ ಮ್ಯಾಲ ಟೆನ್ನಿಸ್ ಆಡ್ತಾರಂತ," ಅಂದ್ಲು. ಅಯ್ಯ ನಮ್ಮವ್ವಾ! ಸುಳ್ಳ ಹೇಳೋದಾದ್ರ ನೆಟ್ಟಗರೆ ಹೇಳಬೇಕಲ್ಲ? "ನನ್ನ ಕಿವಿಗೆ ಹೂ ಇಡಬ್ಯಾಡ," ಅಂತ ಫೋನ್ ಇಟ್ಟೆ. ಅಣ್ಣ ಮೋಸ ಮಾಡಿದ್ದು ಖರೇ ಆದ್ರ ಈ ಪಂಚಮಿಗೆ ಆ ಮನಿ ಹೊಸ್ತಿಲಾ ತುಳಿಯಂಗಿಲ್ಲ ಅಂತ ಅವತ್ತೇ ಠರಾಯಿಸಿಬಿಟ್ಟೆ. ರೊಕ್ಕದ ಮಾತಲ್ಲ, ನಂಗ ಒಂದು ಮಾತು ಹೇಳಲಿಲ್ಲಲ್ಲ ಅಂತ ಹೊಟ್ಟಿ ಉರೀತಿತ್ತು.

ಮರುದಿನ ಬಸ್ ಹತ್ತಿದೆ. ರಾಜೇಶ್ವರ ಊರು ದಾಟೂ ತನಕ ಏನೇನು ಬೈಬೇಕಂತ ಮನಸ್ಸಿನ್ಯಾಗ ಜೋಡಿಸ್ಕೋತ ಕುಂತಿದ್ದೆ. ಭಟ್ಟಿಗೆ ಹೋಗಿ ನೋಡ್ತೀನಿ, ಒಂದು ಮಷೀನ್ ಇಟ್ಟಂಗಿ ಪುಡಿ ಮಾಡಾಕತ್ತದ, ಆ ಪುಡಿ ಮತ್ತ ಸಣ್ಣ ಜರಡಿಗೆ ಹಾಕಿ ಸಾಣಿಸಾಕತ್ತಾರ. ಹಿಟ್ಟು ಸಾಣಿಸಿದಂಗ! ಇಟ್ಟಂಗಿ ಪುಡಿ ಯಾರರೆ ಸಾಣಿಸ್ತಾರೇನು? ಬಂಗಾರ ಹುಡುಕಾಕತ್ತಾರ ಅಂತ ನನ್ನ ಶಕ್ ಗಟ್ಟಿ ಆತು. ಜರಡಿ ಮುಂದ ಕುಕ್ಕರಗಾಲಲೆ ಕುಂತು, ಮ್ಯಾಲ ಉಳಿದ ಒಂದೊಂದು ಹಳ್ಳು, ಕಲ್ಲಿನ ಚೂರು ಸುದ್ದಾ ತಿರುವಿ ನೋಡ್ದೆ. ಹಳ್ಳೇ ಇದ್ವು.

ಅಣ್ಣ ನೋಡಿ ನಕ್ಕ. ಕೈ, ಹುಬ್ಬು, ಮೀಸಿ ಎಲ್ಲಾ ಕೆಂಪಾಗಿತ್ತು. "ಸಿಕ್ತೇನು?" ಅಂದ.

"ನಗಬ್ಯಾಡ. ವೈನಿ ಟೆನ್ನಿಸ್ ಅಂದ್ಲಲ್ಲ, ತೋರಸು."

"ಬಾ ಹಂಗಾರ ಪುಣೆಗೆ. ಗಂಡಸರದು ದೊಡ್ಡ ಪಂದ್ಯ, ಆಡೋರು ಪರದೇಶದಿಂದ ಬರಾಕತ್ತಾರ. ಅಂಗಳ ಮಾಡೋರು ಪಾಸ್ ಕೊಟ್ಟಾರ."

ಇಷ್ಟ ಲಗೂ ಒಪ್ಪಿದನಲ್ಲ ಅಂತ ಅದಕ್ಕೂ ನಂಗ ಶಕ್ ಬಂತು. ನಮ್ಮ ಮನಿಯವರು, "ಪೊಲೀಸರು ಸುದ್ದಾ ಇಷ್ಟು ತಪಾಸ್ ಮಾಡಂಗಿಲ್ಲ," ಅಂತ ಚಾಷ್ಟಿ ಮಾಡಿದ್ರು. ಮಾಡ್ಲಿ ಬಿಡ್ರಿ. ಹೋದೆ.

ಪುಣೆಯೊಳಗ ಟೆನ್ನಿಸ್ ಅಂಗಳದ ಪಾವಟಿಗಿ ಮೆಟ್ಟಲ ಮ್ಯಾಲ ಕುಂತು ಕೆಳಗ ನೋಡ್ದೆ. ಬಣ್ಣ ನೋಡಿದ ಕೂಡಲೇ ಗೊತ್ತಾತು. ನಾ ಸಣ್ಣಾಕಿದ್ದಾಗ ಅಪ್ಪನ ಧೋತರ ಒಗದಾಕಿ, ಬಚ್ಚಲದಾಗ ಹರಿಯೋ ಆ ಕೆಂಪು ನನಗ ಮರೀತದೇನು? ಅದರ ಮ್ಯಾಲ ಎರಡು ಮಂದಿ ಎತ್ತರ ಹುಡುಗರು ಸರ್ ಅಂತ ಜಾರಿ ಹೋಗಿ ಚಂಡು ಹೊಡಿಯಾಕತ್ತಿದ್ರು. ಬಿಳಿ ಕಾಲುಚೀಲ ಕೆಂಪಾಗಿದ್ವು. ಒಮ್ಮೆ ಚಂಡು ಗೆರಿ ಒಳಗ ಬಿತ್ತೋ ಹೊರಗ ಬಿತ್ತೋ ಅಂತ ತಕರಾರು ಎದ್ದಿತು. ಎತ್ತರ ಕುರ್ಚಿ ಮ್ಯಾಲ ಕುಂತ ಅಂಪೈರ್ ಇಳದು ಬಂದು, ಬಗ್ಗಿ, ಪುಡಿಯೊಳಗ ಮೂಡಿದ ಚಂಡಿನ ಗುರುತಿಗೆ ಬೆರಳ ಮಾಡಿ ತೋರಿಸ್ದ. ಜಗಳ ಅಲ್ಲಿಗೇ ಮುಗೀತು. ಈ ಆಟ ನಂಗ ಭಾಳ ಸೇರ್ತು. ಬರೇ ಬಾಯಿ ಮಾತು ನಡಿಯಂಗಿಲ್ಲ, ಗುರುತು ತೋರಸಬೇಕು.

"ನಂಗ ಯಾಕ ಮೊದಲೇ ಹೇಳಲಿಲ್ಲ?" ಅಂತ ಅಣ್ಣಗ ಕೇಳ್ದೆ.

ಅವ ಅಂಗಳ ನೋಡ್ಕೋತನ ಹೇಳ್ದ. "ಅಪ್ಪನ ಇಟ್ಟಂಗಿ ಎಷ್ಟು ಸಲ ವಾಪಸ್ ಬಂದಿಲ್ಲ ತಂಗಿ? ಇವ್ರೂ ಬ್ಯಾಡಂತ ಕಳಿಸಿದ್ರ ನಿನ್ನ ಮುಂದ ಏನಂತ ಹೇಳ್ಲಿ? ಒಬ್ಬರರೆ ಅದರ ಮ್ಯಾಲ ಆಡಿದ್ದು ಕಣ್ಣಾರೆ ನೋಡಿ, ಆಮ್ಯಾಲ ಹೇಳಬೇಕಂತ ಇದ್ದೆ."

ಸೆರಗಿಲೆ ಕಣ್ಣು ಒರಸ್ಕೊಂಡೆ, ಧೂಳಂತ ಹೇಳ್ದೆ.

ಪಂದ್ಯ ಮುಗದು ಮಂದಿ ಎದ್ರು. ತಿರುಗಿ ನೋಡಿದ್ರ ಬಾಜೂಕ ಅಣ್ಣ ಇಲ್ಲ! ಎದಿ ಮತ್ತ ಧಸಕ್ ಅಂತು. ಹುಡುಕಿದ್ರ, ಅಂಗಳ ಕಾಯೋನ ಕಡಿ ಏನೋ ಮಾತಾಡಿ, ಮೂಲ್ಯಾಗ ಬಗ್ಗಿ ಕೈಯೊರಸೋ ದಸ್ತಿಯೊಳಗ ಏನೋ ಗಂಟು ಕಟ್ಟಾಕತ್ತಿದ್ದ.

"ಏನದು? ಬಿಚ್ಚು!" ಅಂದೆ. ಎಲ್ಲಾರೂ ತಿರುಗಿ ನೋಡುವಂಗ.

ಬಿಚ್ಚಿದ. ಒಂದು ಬೊಗಸಿ ಕೆಂಪು ಪುಡಿ. "ಅಪ್ಪನ ಫೋಟೋ ಮುಂದ ಇಡಬೇಕಂತ," ಅಂದ.

"ನೀ ಒಬ್ಬನೇ? ಮತ್ತ ನನ್ನ ಹಿಸ್ಸಾ?"

"ಯಾಕ, ಇದಕ್ಕ ಸಹಿ ಹಾಕಂಗಿಲ್ಲೇನು?"

"ಇದಕ್ಕ ಪ್ರಾಣ ಹೋದ್ರೂ ಹಾಕಂಗಿಲ್ಲ," ಅಂದೆ.

ಮರುದಿನ ಮುಂಜಾನಿ ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ್ಯಾಗ, ಹುಮನಾಬಾದ ಬಸ್ ಬರೂಕಿಂತ ಮೊದಲ, ಅಣ್ಣ ಕಟ್ಟಿ ಮ್ಯಾಲ ಕುಂತು ದಸ್ತಿ ಬಿಚ್ಚಿ ಪುಡಿ ಎರಡು ಪಾಲು ಮಾಡ್ದ. ನಾ ಸೆರಗ ಒಡ್ಡಿದೆ. ಕಣ್ಣ ಮಿಟುಕಿಸದೆ ನೋಡಾಕತ್ತಿದ್ದೆ. ಆದ್ರೂ ಅವನ ದಸ್ತಿಯೊಳಗ ಒಂದು ಚಿಟಿಕಿ ಹೆಚ್ಚಿಗೆ ಉಳೀತಂತ ನಂಗ ಇವತ್ತಿಗೂ ಶಕ್ ಅದ. ಪಂಚಮಿಗೆ ಕರಿಯಾಕ ಬರ್ತಾನಲ್ಲ, ಆವಾಗ ಕೇಳೇ ಬಿಡ್ತೀನಿ.