ಮುನಿರಾಜಣ್ಣನ ಗೆಜೆಟ್ ಪುಟ

ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ನಾನು ಪರ್ಚೇಸ್ ವಿಭಾಗದಲ್ಲಿದ್ದೆ. ಹೊಸಬರಿಗೆ ಆರ್ಡರ್ ಕೊಡುವ ಮುಂಚೆ ಅವರ ಪೂರ್ವಾಪರ ವಿಚಾರಿಸುವ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದರು. ಹಾಗೆ ಒಮ್ಮೆ ಪೀಣ್ಯದಲ್ಲಿ ಲೇತ್ ಮೆಷಿನ್ ಇಟ್ಟುಕೊಂಡಿದ್ದ ಮುನಿರಾಜಣ್ಣನ ಶೆಡ್ಡಿಗೆ ಹೋದೆ. ಅವರನ್ನು ಕೋರ್ಟು ದಿವಾಳಿ ಎಂದು ಘೋಷಿಸಿದ್ದ ಹಳೇ ಗೆಜೆಟ್ ಪುಟದ ಜೆರಾಕ್ಸ್ ನನ್ನ ಫೈಲಿನಲ್ಲಿತ್ತು. ಅದನ್ನು ಹೇಗಪ್ಪಾ ಕೇಳೋದು ಅಂತ ಟ್ರಾಫಿಕ್ಕು, ಕರೆಂಟು, ಬಿಸಿಲು ಎಲ್ಲ ಮಾತಾಡಿ ಮುಗಿಸಿದೆ.

"ಗೆಜೆಟ್ ತಂದಿದೀರಲ್ಲ, ತೆಗೀರಿ ಸಾರ್. ಹೊಸ ಕಂಪನಿಯೋರು ಅದೊಂದನ್ನ ತಂದೇ ತರ್ತಾರೆ," ಅಂದರು ಮುನಿರಾಜಣ್ಣ.

ಪೆಚ್ಚಾಗಿ ತೆಗೆದುಕೊಟ್ಟೆ.

"ಥೂ, ನನ್ನ ಹೆಸರೇ ಕಾಣಲ್ಲ ಇದ್ರಲ್ಲಿ. ಇದನ್ನ ಇಟ್ಕಳಿ," ಅಂತ ಡ್ರಾಯರಿನಿಂದ ಅದೇ ಪುಟದ ಚೊಕ್ಕ ಪ್ರತಿಯೊಂದನ್ನು ಕೊಟ್ಟರು. ಅದರ ಹಿಂದೆ ಇನ್ನೊಂದು ಹಾಳೆಯನ್ನು ಪಿನ್ ಹೊಡೆದು ಸೇರಿಸಿದ್ದರು. ದಿವಾಳಿತನದಿಂದ ಅವರನ್ನು ಬಿಡುಗಡೆ ಮಾಡಿದ ಕೋರ್ಟಿನ ಆದೇಶ ಅದು.

"ಬಿದ್ದಿದ್ದನ್ನ ಎಲ್ರೂ ಹುಡುಕ್ಕೊಂಡು ಬರ್ತಾರೆ ಸಾರ್. ಎದ್ದಿದ್ದು ಮಾತ್ರ ಕೋರ್ಟ್ ಫೈಲಲ್ಲೇ ಕೂತಿರುತ್ತೆ. ಅದಕ್ಕೇ ಎರಡೂ ಸೇರ್ಸಿ ಸೆಟ್ ಮಾಡಿಸಿಟ್ಟಿದೀನಿ."

ನಗುತ್ತಲೇ ರೇಟು ಮಾತಾಡಿ, ಪೇಮೆಂಟ್ ಮಾಲು ಬಂದ ತೊಂಬತ್ತು ದಿನಕ್ಕೆ ಅಂದೆ.

"ಆಗ್ಲಿ. ನಿಮ್ಮ ಕಂಪನೀದೂ ಒಂದು ಸೆಟ್ ಕೊಡಿ."

"ನಮ್ದು ಅಂಥಾದ್ದೇನೂ ಇಲ್ಲ ಮುನಿರಾಜಣ್ಣ. ಕಂಪನಿ ಶುರುವಾಗಿ ಎರಡೇ ವರ್ಷ."

"ಅಂಗಾದ್ರೆ ನೀವಿನ್ನೂ ಬಿದ್ದೋರೂ ಅಲ್ಲ, ಎದ್ದೋರೂ ಅಲ್ಲ. ಅರ್ಧ ಅಡ್ವಾನ್ಸ್ ಕೊಟ್ಬಿಡಿ."

ಕೊಡಿಸಿದೆ. ನಮ್ಮ ಆಫೀಸಿನ ಫಾರಮ್ಮಿನಲ್ಲಿ ಅಡ್ವಾನ್ಸಿಗೆ ಕಾರಣ ಬರೆಯುವ ಜಾಗವಿತ್ತು. ಬಹಳ ಹೊತ್ತು ಯೋಚಿಸಿ ಇದ್ದದ್ದನ್ನೇ ಬರೆದೆ: "ನಮ್ಮ ಕಂಪನಿ ಇನ್ನೂ ಒಮ್ಮೆಯೂ ದಿವಾಳಿಯಾಗಿಲ್ಲ."