ಉಪ್ಪಿನ ಮರಿಗೆಯ ತವರು

ಅಲ್ಲಾಳಸಂದ್ರದ ನಮ್ಮ ಮನೆಯ ಅಟ್ಟದಲ್ಲಿ ಎರಡು ಮರಿಗೆಗಳಿದ್ದವು. ಮರಿಗೆ ಎಂದರೆ ಮರದ ಒಂದೇ ತುಂಡನ್ನು ತೋಡಿ ಮಾಡಿದ ಉಪ್ಪಿನ ಜಾಡಿ. ಗೋಡೆಯ ಗೂಟಕ್ಕೆ ತೂಗುಹಾಕಲು ಹಿಂಬದಿಯಲ್ಲಿ ಒಂದು ಕಿವಿ, ಅದಕ್ಕೊಂದು ತೂತು, ಬಾಯಿಗೊಂದು ಮುಚ್ಚಳ. ಒಂದು ಅಜ್ಜಿಯ ತಾಯಿಯದು, ಇನ್ನೊಂದು ಅಜ್ಜಿಯ ಅತ್ತೆಯದು. ಯಾವುದು ಯಾರದು ಎಂಬುದು ಅಜ್ಜಿಗೇ ತಿಳಿಯದಂತಾಗಿತ್ತು.

ಅದಕ್ಕೆ ಕಾರಣ ಅಪ್ಪ. ಮನೆಗೆ ಬಣ್ಣ ಮಾಡಿಸಿದಾಗ ಉಳಿದ ವಾರ್ನಿಷನ್ನು ವ್ಯರ್ಥ ಮಾಡಬಾರದೆಂದು ಎರಡು ಮರಿಗೆಗಳಿಗೂ ಬಳಿಸಿಬಿಟ್ಟಿದ್ದರು. ಹೊಗೆಯ ಕಪ್ಪು, ಎಣ್ಣೆಯ ಜಿಡ್ಡು, ಹಳೆಯ ಗುರುತು ಎಲ್ಲ ಅಡಗಿ, ಎರಡೂ ಹೊಸ ಕುರ್ಚಿಯ ಕಾಲಿನಂತೆ ಹೊಳೆಯುತ್ತಿದ್ದವು.

ಆಗಲೇ ಕೋಗಿಲು ಊರಿನಿಂದ ಚಿಕ್ಕಜ್ಜಿಯ ಫೋನ್ ಬಂತು. ಅಜ್ಜಿಯ ಒಬ್ಬಳೇ ತಂಗಿ. ಭಾನುವಾರ ಬಂದು ಅವ್ವನ ಮರಿಗೆ ತೆಗೆದುಕೊಂಡು ಹೋಗುತ್ತಾಳಂತೆ. ತಾಯಿ ತೀರಿಕೊಂಡಾಗ ಚಿಕ್ಕಜ್ಜಿ ಕೇಳಿದ್ದು ಅದೊಂದನ್ನೇ. ಅಜ್ಜಿ ಅಕ್ಕನ ಅಧಿಕಾರದಿಂದ ‘ಆಮೇಲೆ ಕೊಡ್ತೀನಿ’ ಎಂದು ತಾನೇ ಇಟ್ಟುಕೊಂಡಿದ್ದಳು. ಆ ‘ಆಮೇಲೆ’ಗೆ ಮೂವತ್ತು ವರ್ಷ ಹಿಡಿದಿತ್ತು.

“ಅತ್ತೇದನ್ನ ಅವ್ವಂದು ಅಂತ ಕೊಟ್ಟುಬಿಟ್ರೆ ಏನೇ ಗತಿ?” ಎಂದಳು ಅಜ್ಜಿ. “ನೀನು ಓದಿರೋಳು. ನೋಡಿ ಯೋಳು.”

ನಾನು ಸಸ್ಯಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವಳು. ಅದುವರೆಗೆ ಮನೆಯವರು ನನ್ನ ವಿದ್ಯೆಯನ್ನು ಕರಿಬೇವಿನ ಗಿಡ ಒಣಗಿದಾಗ ಮಾತ್ರ ನೆನೆಯುತ್ತಿದ್ದರು. ಹಾಗಾಗಿ ಈ ಕೆಲಸವನ್ನು ಸ್ವಲ್ಪ ಹೆಚ್ಚೇ ಗಂಭೀರವಾಗಿ ತೆಗೆದುಕೊಂಡೆ. ಎರಡನ್ನೂ ತೂಗಿದೆ, ಅಳೆದೆ, ತಳದಲ್ಲಿ ಒಂದಿಷ್ಟು ಜಾಗದ ವಾರ್ನಿಷನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದೆ. ಎರಡೂ ಹಲಸು, ಒಳಗಿನ ಹಳದಿ ಇನ್ನೂ ಉಳಿದಿತ್ತು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದರ ಬಾಯಿಯ ಎಡ ಅಂಚು ಬಲಕ್ಕಿಂತ ತಗ್ಗಾಗಿತ್ತು. ಅದರ ಮುಂದೆ ‘ಮರದ ದೋಷ’ ಎಂದು ಬರೆದೆ.

ಶನಿವಾರ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಯಲಹಂಕದ ಹಳೆಯ ಬಡಗಿಯೊಬ್ಬರ ಬಳಿ ಹೋದೆ. ನೋಟ್‌ಬುಕ್ಕಿನಲ್ಲಿದ್ದುದನ್ನೆಲ್ಲ ಓದಿ ಹೇಳಿದೆ. ಅವರು ಕನ್ನಡಕ ಹಣೆಗೇರಿಸಿ ತಳದ ಮೇಲೆ ಬೆರಳಾಡಿಸಿದರು.

“ಯಾರಮ್ಮಾ ಇದಕ್ಕೆ ವಾರ್ನಿಷ್ ಒಡ್ದಿದ್ದು?”

“ನಮ್ಮಪ್ಪ.”

“ಸರಿ, ದೊಡ್ಡೋರು, ಏನೂ ಅನ್ನಂಗಿಲ್ಲ,” ಎಂದು ನಕ್ಕರು. “ಇಲ್ನೋಡಿ, ಕಮಾನಿನಂಗೆ ಗೀರುಗಳು. ಇದು ಮಿಷನ್ ಗರಗಸದಲ್ಲಿ ಕುಯ್ದ ಮರ. ಬಾಯಿ ತಗ್ಗು, ಮರದ ದೋಷ ಅಂದ್ರಲ್ಲ, ಅದೇ ಇದು. ಇನ್ನೊಂದರ ತಳ ಪೂರ್ತಿ ಬಾಚೀಲಿ ಕೆತ್ತಿರೋದು. ಒಂದೊಂದು ಏಟೂ ಕಾಣ್ತದೆ.”

“ಎಷ್ಟು ವರ್ಷದ್ದಿರಬಹುದು?”

“ವರ್ಷ ಕೇಳ್ಬೇಡಿ. ಎಲ್ರೂ ನೂರು ಅಂತಾರೆ. ಯಾವುದು ಅಕ್ಕ, ಯಾವುದು ತಂಗಿ ಅಂತ ಬೇಕಾದ್ರೆ ಯೋಳ್ತೀನಿ. ಬಾಚೀದೇ ಅಕ್ಕ.”

ನನಗೆ ಅಷ್ಟು ಸಾಕಾಗಿತ್ತು. ‘ನಮ್ಮವ್ವಂದು ಬಲು ಹಳೇದು’ ಎಂದು ಅಜ್ಜಿ ಸದಾ ಹೇಳುತ್ತಿದ್ದಳು. ಹಳೆಯದು ಸಿಕ್ಕಿತು, ಆದ್ದರಿಂದ ಅವ್ವನದು ಸಿಕ್ಕಿತು. ಅಜ್ಜಿ ತನ್ನ ತವರಿನ ಸೌಟು, ಸಂಡಿಗೆ ಒತ್ತುವ ಒರಳು, ಕೊನೆಗೆ ಜಗಳಗಳನ್ನೂ ಬಲು ಹಳೆಯವೆಂದೇ ಹೇಳುತ್ತಾಳೆಂಬುದು ನನಗೆ ನೆನಪಾಗಲಿಲ್ಲ.

ಭಾನುವಾರ ಅಜ್ಜಿ ಬಾಚಿಯ ಮರಿಗೆಗೆ ಅರಿಸಿನ ಕುಂಕುಮ ಇಟ್ಟು, ಬರಿದಾಗಿ ಕೊಡಬಾರದೆಂದು ಕಲ್ಲುಪ್ಪು ತುಂಬಿದಳು. ಇನ್ನೊಂದು ಪಕ್ಕದಲ್ಲೇ ಖಾಲಿ ಕುಳಿತಿತ್ತು. ಚಿಕ್ಕಜ್ಜಿ ಬಂದವಳು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ನಡೆದಳು. ತುಂಬಿದ ಮರಿಗೆಯನ್ನು ನೋಡಿದಳು. ಖಾಲಿಯದನ್ನು ಎತ್ತಿ ಅದರ ಕಿವಿಯನ್ನು ಗೋಡೆಗೆ ಆನಿಸಿ ಹಿಡಿದಳು. ಬಾಯಿಯ ಅಂಚಿನಲ್ಲಿ ಬೆರಳಾಡಿಸಿದಳು.

“ಅಕ್ಕಾ, ಇದು ಕಣೇ ಅವ್ವಂದು.”

“ಅದು ಹೊಸದು ಕಣೇ. ಮಗು ಪರೀಕ್ಷೆ ಮಾಡೈತೆ.”

“ಮಗೂಗೇನು ಗೊತ್ತು? ನಮ್ಮವ್ವ ಎಡಚಿ ಅಲ್ವಾ! ಚಿಪ್ಪಿನಲ್ಲಿ ಉಪ್ಪು ತೆಗೆದು ತೆಗೆದು ಈ ಕಡೆ ಸವೆದೈತೆ, ನೋಡು. ಅವ್ವನ ಅತ್ತೆ ಬರೋ ಸದ್ದಾದ್ರೆ ಬಲಗೈಗೆ ಬದಲಾಯಿಸ್ಕೋತಿದ್ಲು. ಎಡಗೈಲಿ ಉಪ್ಪು ಮುಟ್ಟಿದ್ರೆ ಮುದುಕಿ ಬಿಡ್ತಿತ್ತಾ?”

ಅಜ್ಜಿ ಬಾಯಿಗೆ ಸೆರಗು ಒತ್ತಿ ನಗತೊಡಗಿದಳು. ಹದಿನಾರಕ್ಕೇ ಮದುವೆಯಾಗಿ ಬಂದವಳಿಗೆ ಅದು ಮರೆತೇಹೋಗಿತ್ತು. ಅವ್ವನ ಪಕ್ಕದಲ್ಲಿ ಹೆಚ್ಚು ವರ್ಷ ಕುಳಿತಿದ್ದವಳು ಚಿಕ್ಕಜ್ಜಿ.

“ಅಂಗಾದ್ರೆ ಹಳೇದು ನಮ್ಮತ್ತೇದಾ?” ಎಂದಳು ಅಜ್ಜಿ. “ಆಗ್ಲಿ ಬಿಡು. ಆಯಮ್ಮ ಯಾವತ್ತೂ ನಮ್ಮವ್ವನ್ನ ಗೆಲ್ಲೋಕೆ ಬಿಟ್ಟೋಳಲ್ಲ.”

ನಾನು ಉಪ್ಪನ್ನು ಒಂದರಿಂದ ಇನ್ನೊಂದಕ್ಕೆ ಸುರಿದು, ಮರಿಗೆಯನ್ನು ಎತ್ತಿ ಚಿಕ್ಕಜ್ಜಿಯ ಕಡೆ ಚಾಚಿದೆ. ಇಬ್ಬರೂ ಒಟ್ಟಿಗೆ ಕೂಗಿದರು: “ಕೈಯಿಂದ ಕೈಗೆ ಉಪ್ಪು ಕೊಡಬ್ಯಾಡ್ವೇ! ಜಗಳ ಆಯ್ತದೆ!”

ನೆಲದ ಮೇಲಿಟ್ಟೆ. ಚಿಕ್ಕಜ್ಜಿ ಬಗ್ಗಿ ಎತ್ತಿಕೊಂಡಳು. ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳದ ಮೇಲೆ ಕೈಯಿಟ್ಟು ಕುಳಿತಳು. ಆಟೋ ತಿರುವು ದಾಟುವವರೆಗೂ ಅಜ್ಜಿ ಗೇಟಿನಲ್ಲೇ ನಿಂತಿದ್ದಳು.

ನಾನು ಒಳಗೆ ಬಂದು ನೋಟ್‌ಬುಕ್ ತೆರೆದು ‘ಮರದ ದೋಷ’ ಎಂಬುದನ್ನು ಹೊಡೆದುಹಾಕಿ, ‘ಎಡಗೈ’ ಎಂದು ಬರೆದೆ.