ಕೊಳವೆಯ ನಡುವಿನ ನೀರು

ಅನ್ನಕ್ಕೆ ನೀರೆರೆದ ಕೃಷ್ಣೆಗೆ, ಅಕ್ಷರ ಕಲಿಸಿದ ಗುರುಗಳಿಗೆ, ಇಷ್ಟು ವರ್ಷ ಈ ನಾಲಿಗೆಯನ್ನು ಸಹಿಸಿದ ಶ್ರೀಹರಿಗೆ ವಂದಿಸಿ ತೊಡಗುತ್ತೇನೆ. ವಾಲ್‌ಮನ್ ಈರಪ್ಪ ನೀರು ಕದ್ದವನಲ್ಲ. ಕದ್ದನೆಂದು ಊರು ನಂಬಿದ್ದು ನನ್ನ ಲೆಕ್ಕದಿಂದ. ಆ ಲೆಕ್ಕ ತಪ್ಪೆಂದು ತಿಳಿದ ಮೇಲೂ — ನಾನು ಬಾಯಿ ಬಿಡಲಿಲ್ಲ.

ಆಗ ನಾನು ಇಂಜಿನಿಯರ್. ಕೊಲ್ಹಾರದ ಹಿನ್ನೀರಿನಿಂದ ಬಾಗೇವಾಡಿ ಕಡೆಯ ಹಳ್ಳಿಯೊಂದಕ್ಕೆ ಹೋಗುವ ದೊಡ್ಡ ಕೊಳವೆಯಲ್ಲಿ ನೀರಿನ ವೇಗ ಅಳೆಯಬೇಕಿತ್ತು. ಸುಳಿಸುತ್ತಿ ಧಾವಿಸುವ ನೀರು ಕೊಳವೆಯೊಳಗೆ ಎಲ್ಲೆಡೆ ಒಂದೇ ಸಮನೆ ಓಡುವುದಿಲ್ಲ. ನಡುವೆ ಅದರ ಪರಮವೇಗ. ಅಂಚಿಗೆ ಸರಿದಂತೆ ನಿಧಾನ. ಗೋಡೆಗೆ ಅಂಟಿದ ನೀರು ನಿಂತೇ ಇರುತ್ತದೆ. ಆದ್ದರಿಂದ ಅಳೆಯುವ ನಳಿಗೆಯನ್ನು ಅಂಚಿನಿಂದ ಅಂಚಿಗೆ ಸರಿಸುತ್ತ, ಹಲವೆಡೆ ನಿಲ್ಲಿಸಿ ಸರಾಸರಿ ತೆಗೆಯಬೇಕು. ಅಂದು ದ್ವಾದಶಿ. ಉಪವಾಸ ಬಿಡುವ ಪಾರಣೆಯ ಹೊತ್ತು ಮೀರುವುದೆಂಬ ಅವಸರದಲ್ಲಿ ನಡುವಿನ ವೇಗವೊಂದನ್ನೇ ಅಳೆದು, ಅದನ್ನೇ ಇಡೀ ಕೊಳವೆಯ ವೇಗವೆಂದು ಊರಿಗೆ ಹೇಳಿದೆ. ಸರಾಸರಿ ಅದರ ಐದರಲ್ಲಿ ನಾಲ್ಕು ಪಾಲಿನಷ್ಟೇ. ಉಳಿದ ಒಂದು ಪಾಲು ನೀರು ನನ್ನ ಮಾತಿನಲ್ಲಷ್ಟೇ ಇತ್ತು. ಊರಿನ ತೊಟ್ಟಿಗೆ ಎಂದೂ ಬರಲಿಲ್ಲ.

ನೀರು ಬಿಡುವ ವಾಲ್‌ನ ಕೀಲಿ ಈರಪ್ಪನ ಕೈಯಲ್ಲಿತ್ತು. ಕಡಿಮೆ ಬಿದ್ದ ನೀರನ್ನು ಯಾರದೋ ಕಬ್ಬಿಗೆ ಬಿಟ್ಟನೆಂದರು. ಒದ್ದೆ ಬಟ್ಟೆಯಲ್ಲಿ ಗುಡಿಯ ಹೊಸ್ತಿಲು ಮುಟ್ಟಿ ಆಣೆ ಮಾಡಬೇಕು, ಅಮಾವಾಸ್ಯೆಯೊಳಗೆ ಮನೆಗೆ ಕೇಡಾದರೆ ಆಣೆ ಸುಳ್ಳು — ಹಿರಿಯರು ಹೀಗೆ ವಿಧಿಸಿದರು.

ಆಣೆಯ ಹಿಂದಿನ ದಿನ ನಾನೊಬ್ಬನೇ ಕೊಳವೆಯ ಬಳಿಗೆ ಹೋದೆ. ಮಟಮಟ ಮಧ್ಯಾಹ್ನ, ಎರೆಹೊಲದಲ್ಲಿ ಒಂದು ಹಕ್ಕಿಯೂ ಇಲ್ಲ. ಗಾಳಿ ಬಿಡುವ ವಾಲ್ ಯಾರೋ ಮಣ್ಣಿನಡಿಯಿಂದ ಉಸಿರೆಳೆದಂತೆ ಸದ್ದು ಮಾಡುತ್ತಿತ್ತು. ನಳಿಗೆಯನ್ನು ಕ್ರಮವಾಗಿ ಸರಿಸಿದೆ. ಅಂಚು ಸಮೀಪಿಸಿದಂತೆ ವೇಗ ಇಳಿಯಿತು, ಇಳಿಯಿತು... ನನಗೆ ಎಲ್ಲ ತಿಳಿಯಿತು. ಆದರೂ ನನ್ನೊಳಗೇ ಹೇಳಿಕೊಂಡೆ — ಅವನು ಸತ್ಯವಂತ, ದೇವರು ಕಾಯುತ್ತಾನೆ, ನಡುವೆ ನಾನೇಕೆ?

ಆಣೆಯಾಯಿತು. ಅಮಾವಾಸ್ಯೆಗೆ ಮೊದಲೇ ಅವನ ಎತ್ತು ನೊಗದಲ್ಲೇ ಕುಸಿದು ಸತ್ತಿತು. ನಲ್ಲಿಯ ಬಳಿ ಹೆಂಗಸೊಬ್ಬಳು ಅವನಿಗೆ ಕೇಳುವಂತೆಯೇ ಅಂದಳಂತೆ: “ದೇವ್ರು ಮೊದ್ಲ ಎತ್ತು ಒಯ್ದಾನ, ಗಾಡಿ ಹೊಡಿಯಾಂವನ್ನ ಆಮ್ಯಾಲ ಕರೀತಾನ.”

ಕೆಲವು ದಿನಗಳ ಬಳಿಕ ಈರಪ್ಪ ನನ್ನ ಮನೆಗೆ ಬಂದ. ಜಗಳಕ್ಕೆಂದುಕೊಂಡೆ. ಅವನು ಮೆಲ್ಲಗೆ ಹೇಳಿದ: “ಸಾಹೇಬ್ರ, ದೇವ್ರು ಸುಳ್ಳ ಹೇಳ್ತಾನೇನ್ರಿ? ನಿದ್ದಿಗಣ್ಣಾಗ ನಾನ ಎದ್ದು ಹೋಗಿ ವಾಲ್ ತಿರುವಿ ಬರ್ತೇನೋ ಏನೋ. ಹೇಣ್ತಿ ಕಾಲಿಗೆ ಹಗ್ಗಾ ಕಟ್ಟಿ ಮಲಗಸ್ತಾಳ್ರಿ.”

ಆಗಲಾದರೂ ನಿಜ ಹೇಳಿದೆನೇ — ಇಲ್ಲ. ನಾಮಸ್ಮರಣೆ ಮಾಡು ಎಂದು ಉಪದೇಶಿಸಿ ಕಳುಹಿಸಿದೆ. ಅವನು ಊರು ಬಿಟ್ಟ.

ಕಳೆದ ತಿಂಗಳು ಸಿಂದಗಿ ತಾಲೂಕಿನ ಕನ್ನೊಳ್ಳಿಯಲ್ಲಿ, ಅವನ ಮಗಳ ಮನೆಯಲ್ಲಿ, ಅವನನ್ನು ಕಂಡೆ. ಕಾಲು ಹಿಡಿದು ಎಲ್ಲವನ್ನೂ ಹೇಳಿದೆ. ಅವನು ಕೇಳಿದ: “ಹಂಗಾರ ಆ ನೀರು ಎಲ್ಲಿ ಹೋತ್ರಿ?”

“ಆ ನೀರು ಇರಲೇ ಇಲ್ಲ, ಈರಪ್ಪಾ.”

ನನ್ನನ್ನು ಕನಿಕರದಿಂದ ನೋಡಿದ. “ಇತ್ರೀ. ವಾಲ್ ತಣ್ಣಗಿತ್ತು. ನೀರು ಕಬ್ಬಿನ ಸಾಲಾಗ ಹರಿಯೂದು ಕಣ್ಣಾರೆ ನೋಡೇನಿ. ನೀವು ದೊಡ್ಡವ್ರು, ನನ್ನ ಸಲವಾಗಿ ಸುಳ್ಳ ಹೇಳಬ್ಯಾಡ್ರಿ.”

ನಾಳೆ ಮತ್ತೆ ಹೋಗುತ್ತೇನೆ. ನಂಬುವವರೆಗೆ ಹೇಳುತ್ತೇನೆ — ನಂಬದಿದ್ದರೂ. ಆಣೆ ವಿಧಿಸಿದ ಹಿರಿಯರಿಗೆ, ಆಡಿಕೊಂಡ ನಾಲಿಗೆಗಳಿಗೆ, ಅವನನ್ನು ಇಂದಿಗೂ ಸಾಕುತ್ತಿರುವ ಮಗಳಿಗೆ, ಮಾಡದ ಪಾಪವನ್ನು ಕಣ್ಣಾರೆ ಕಂಡ ಈರಪ್ಪನಿಗೆ ಶ್ರೀಹರಿ ಒಳಿತನ್ನು ಮಾಡಲಿ.